ಬಿಳಿ ಗೋಡಿ, ಬೋಳು ಹಿತ್ತಲ

ಕೊಪ್ಪಳದಿಂದ ಕುಷ್ಟಗಿ ಕಡೆ ಹೊರಟರೂ ಸರಿ, ಗಂಗಾವತಿ ಕಡೆ ಹೊರಟರೂ ಸರಿ, ಊರು ಮುಗೀತು ಅನ್ನುವಷ್ಟರಲ್ಲಿ ಹೊಸ ಲೇಔಟ್‌ಗಳು ಶುರುವಾಗುತ್ತವೆ. ಹತ್ತು ವರ್ಷದ ಹಿಂದೆ ಅಲ್ಲಿ ಏಳುತ್ತಿದ್ದ ಮನೆಗೂ ಈಗ ಏಳುತ್ತಿರುವ ಮನೆಗೂ ಒಂದು ಫರಕು ಇದೆ. ಆಗ ಎಲಿವೇಶನ್ ಅಂದರೆ ದಪ್ಪ ಕಂಬ, ಕಂಬದ ತಲೆಯ ಮೇಲೆ ಕಮಲ, ಗೋಡೆಗೆ ಗಿಳಿಹಸಿರು, ಕಿತ್ತಳೆ, ನೇರಳೆ. ಈಗ ಬಿಳಿ, ಬೂದಿ, ನಡುವೆ ಕಟ್ಟಿಗೆಯಂತೆ ಕಾಣುವ (ಕಟ್ಟಿಗೆ ಅಲ್ಲದ) ಒಂದು ಪಟ್ಟಿ. ಗೋಡೆಯಗಲ ಗಾಜು. ಗಾಜಿನ ಮುಂದೆ ಪ್ಲಾಸ್ಟಿಕ್ ಹುಲ್ಲು, ನಾಲ್ಕು ಬಿಳಿ ಹರಳಿನ ಸಾಲು, ಕುಂಡದಲ್ಲಿ ಒಂದು ಒಣಕಲು ಪಾಮ್. ಕೇಳಿದರೆ "ವಾರ್ಮ್ ಮಿನಿಮಲ್ ರೀ, ಗಾರ್ಡನ್ ಕನೆಕ್ಟೆಡ್" ಅನ್ನುತ್ತಾರೆ.

ಹಳೆಯ ಗಿಳಿಹಸಿರನ್ನು ನಾವು ನಕ್ಕು ಬಿಟ್ಟೆವು. ಈ ಹೊಸದನ್ನು ನಗುವವರಿಲ್ಲ, ಯಾಕಂದರೆ ಇದು ನಮ್ಮಂಥವರ ರುಚಿ. ಬೆಂಗಳೂರಿನಲ್ಲಿ ಕೂತು, ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚಿ, ಫೋನಿನಲ್ಲಿ ಹೋಮ್ ಟೂರ್ ನೋಡುವವರ ರುಚಿ. ಊರಲ್ಲಿ ಮನೆ ಕಟ್ಟಿಸುವ ದುಡ್ಡು ನಮ್ಮದು, ಪಿಂಟರೆಸ್ಟ್ ಬೋರ್ಡ್ ನಮ್ಮದು, ಇರುವವರು ಮಾತ್ರ ಬೇರೆ. ಆದ್ದರಿಂದ ಈ ಶೈಲಿಯನ್ನು ಸ್ವಲ್ಪ ಗಟ್ಟಿಯಾಗಿಯೇ ವಿಮರ್ಶೆ ಮಾಡಬೇಕು ಅನ್ನಿಸಿತು. ಒಂದು ಸಿನಿಮಾ ಚೆನ್ನಾಗಿಲ್ಲ ಅಂದರೆ ಎರಡೂವರೆ ತಾಸು ಹೋಯಿತು ಅಷ್ಟೆ. ಮನೆ ಚೆನ್ನಾಗಿಲ್ಲ ಅಂದರೆ ಇಪ್ಪತ್ತು ವರ್ಷದ ಇಎಂಐ.

ನಮ್ಮ ಕಸುಬಿನಲ್ಲಿ ಈ ರೋಗ ಎಲ್ಲರಿಗೂ ಗೊತ್ತು. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಉತ್ತರ ಸಿಕ್ಕಿತು, ಕಾಪಿ ಮಾಡಿದಿರಿ, ಪ್ರಶ್ನೆ ಏನಿತ್ತು ಅಂತ ಓದಲೇ ಇಲ್ಲ. ಮಿನಿಮಲ್ ಮನೆಯೂ ಒಂದು ಉತ್ತರ. ಯಾರು ಯಾವ ಪ್ರಶ್ನೆಗೆ ಕೊಟ್ಟ ಉತ್ತರ ಅದು?

ಜಪಾನಿನ ಒಸಾಕಾದಲ್ಲಿ ತಡಾವೊ ಆಂಡೊ 1976ರಲ್ಲಿ ಕಟ್ಟಿದ ಅಜುಮಾ ಮನೆಯನ್ನು ತಗೊಳ್ಳಿ. ನಮ್ಮ 30x40 ಸೈಟಿನ ಅರ್ಧದಷ್ಟು ಜಾಗ, ಎರಡೂ ಪಕ್ಕ ಹೆಗಲಿಗೆ ಹೆಗಲು ತಾಗಿದ ಮನೆಗಳು, ರಸ್ತೆಗೆ ಕಿಟಕಿಯೇ ಇಲ್ಲ. ಆಂಡೊ ಉದ್ದಕ್ಕೆ ಮೂರು ಭಾಗ ಮಾಡಿ ನಡುವಿನ ಭಾಗವನ್ನು ಬಯಲು ಬಿಟ್ಟ. ಬೆಳಕು, ಗಾಳಿ, ಮಳೆ ಎಲ್ಲ ಅಲ್ಲಿಂದಲೇ ಒಳಗೆ. ಮಳೆ ಬರುವಾಗ ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗಬೇಕಂದರೆ ಕೊಡೆ ಹಿಡಿಯಬೇಕು. ಜನ ಇವತ್ತಿಗೂ ಅದಕ್ಕೆ ಬೈಯುತ್ತಾರೆ. ಆದರೆ ಆ ಮನೆಗೆ ಒಂದು ಪ್ರಶ್ನೆ ಇತ್ತು: ಇಕ್ಕಟ್ಟಾದ ಊರಿನ ನಡುವೆ ಆಕಾಶ ಎಲ್ಲಿಂದ ತರೋದು? ಬೋಳು ಕಾಂಕ್ರೀಟ್ ಅದಕ್ಕೆ ಬಂದ ಉತ್ತರ.

ಇನ್ನೊಂದು ಮೆಕ್ಸಿಕೊ ಸಿಟಿಯದು. ಲೂಯಿಸ್ ಬರಗಾನ್ ತನಗಾಗಿ ಕಟ್ಟಿಕೊಂಡ ಮನೆ, 1948ರದು. ಈಗ ಯುನೆಸ್ಕೊ ಪಟ್ಟಿಯಲ್ಲಿದೆ. "ಬೆಚ್ಚಗಿನ ಮಿನಿಮಲಿಸಂ" ಅನ್ನುವ ಮಾತಿಗೆ ಅರ್ಥ ಬೇಕಾದರೆ ಅದನ್ನು ನೋಡಬೇಕು. ಒಳಗೆ ಸಾಮಾನು ಕಡಿಮೆ, ಗೋಡೆ ದಪ್ಪ, ಮೈ ಒರಟು. ಆದರೆ ಬಿಳಿಯೊಂದೇ ಅಲ್ಲ. ಗುಲಾಬಿ ಇದೆ, ಹಳದಿ ಇದೆ. ತೋಟದ ಕಡೆ ಒಂದು ದೊಡ್ಡ ಕಿಟಕಿ, ಅದರ ಚೌಕಟ್ಟು ಗೋಡೆಯೊಳಗೇ ಹುದುಗಿದೆ, ತೋಟ ಮನೆಯೊಳಗೆ ನಡೆದು ಬಂದಂತೆ ಕಾಣುತ್ತದೆ. ಮುಖ್ಯವಾದ ಮಾತು: ರಸ್ತೆ ಕಡೆಗೆ ಆ ಮನೆ ಏನೂ ತೋರಿಸುವುದಿಲ್ಲ. ಎಲ್ಲ ಇರುವುದು ಹಿಂದೆ, ತೋಟದ ಕಡೆ. ನಮ್ಮ ಲೇಔಟಿನ ಮನೆ ಇದರ ತದ್ವಿರುದ್ಧ. ಗಾಜೆಲ್ಲ ರಸ್ತೆಗೆ, ಹಿಂದೆ ಎರಡಡಿ ಸಂದಿ, ಅದರಲ್ಲಿ ಚೇಂಬರು, ಗ್ಯಾಸ್ ಸಿಲಿಂಡರು, ಮುರಿದ ಬಕೀಟು. ಹಿತ್ತಲನ್ನು ಕೊಂದು ಮುಂದೆ ಅದರ ಫೋಟೊ ತೂಗುಹಾಕಿದಂಗ.

ನಮ್ಮ ಪ್ರಶ್ನೆ ಯಾವುದು? ಬಿಸಿಲು. ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಅದೂ ನಾಲ್ಕು ತಿಂಗಳಲ್ಲಿ ಬಿದ್ದು ಮುಗಿಯುವಂಥದ್ದು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಒಂದು ಲೆಕ್ಕ ಹೇಳುತ್ತೇನೆ, ಇಂಜಿನಿಯರಿಂಗ್ ಓದಿದವರಿಗೆ ಇಷ್ಟ ಆಗುತ್ತದೆ. ಕೊಪ್ಪಳ ಇರುವುದು ಸುಮಾರು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. "ದಕ್ಷಿಣಕ್ಕೆ ದೊಡ್ಡ ಗಾಜು, ಅದರ ಮೇಲೆ ಛಜ್ಜಾ" ಅನ್ನುವ ಯೂರೋಪಿನ ಪುಸ್ತಕದ ಸೂತ್ರ ಇಲ್ಲಿ ಅರ್ಧ ಮಾತ್ರ ಕೆಲಸ ಮಾಡುತ್ತದೆ. ನಮಗೆ ನಿಜವಾದ ವೈರಿ ಸೂರು ಮತ್ತು ಪಶ್ಚಿಮದ ಗೋಡೆ. ಸೂರ್ಯ ತಗ್ಗಿ, ಮಧ್ಯಾಹ್ನ ಮೂರರಿಂದ ಆರರವರೆಗೆ ನೇರ ಒಳಗೆ ನುಗ್ಗುವಾಗ ಯಾವ ಛಜ್ಜಾನೂ ತಡೆಯುವುದಿಲ್ಲ. ಆ ಪಶ್ಚಿಮಕ್ಕೇ ಹತ್ತಡಿ ಗಾಜು ಇಟ್ಟು, ಆಮೇಲೆ ಪರದೆ ಎಳೆದು, ಪರದೆಯ ಹಿಂದೆ ಎಸಿ ಹಾಕಿಕೊಂಡು ಕೂರುವ ಮನೆಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ತೋಟಕ್ಕೆ ಕನೆಕ್ಟ್ ಆಗಲಿ ಅಂತ ಇಟ್ಟ ಗಾಜು ತೋಟ ಕಾಣದಂತೆ ಮಾಡುತ್ತದೆ. ಪ್ಲಾಸ್ಟಿಕ್ ಹುಲ್ಲಿನ ಮಾತಂತೂ ಬೇಡ. ನಿಜವಾದ ಹುಲ್ಲು ತೇವ ಬಿಟ್ಟು ತಣ್ಣಗಾಗುತ್ತದೆ; ಪ್ಲಾಸ್ಟಿಕ್ ಬರೀ ಕಾಯುತ್ತದೆ. ಮೇ ತಿಂಗಳ ಎರಡು ಗಂಟೆಗೆ ಮಗು ಅದರ ಮೇಲೆ ಬರಿಗಾಲಲ್ಲಿ ನಿಂತು ನೋಡಲಿ.

ಈಗ ಹಳೆಯ ಮಾಳಿಗಿ ಮನೆಗೆ ಬರೋಣ. ನಾನು ಹುಟ್ಟಿದ್ದು ಅಂಥದರಲ್ಲೇ, ಯಲಬುರ್ಗಾ ತಾಲೂಕಿನಲ್ಲಿ. ಒಂದೂವರೆ–ಎರಡಡಿ ದಪ್ಪದ ಕಲ್ಲು–ಮಣ್ಣಿನ ಗೋಡೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ ಚಕ್ಕೆ, ಸೊಪ್ಪು, ಮಣ್ಣು, ಕೊನೆಗೆ ಸವಳು ಮಣ್ಣು. ಸವಳು ಮಣ್ಣು ಬೆಳೆಗೆ ಬರದ ಮಣ್ಣು, ಉಪ್ಪಿನಂಶದ್ದು. ನೀರು ಬಿದ್ದ ಕೂಡಲೇ ಅದರ ಕಣಗಳು ಹರಡಿ ರಂಧ್ರ ಮುಚ್ಚಿಕೊಂಡುಬಿಡುತ್ತವೆ, ನೀರು ಇಳಿಯುವುದಿಲ್ಲ. ಹೊಲಕ್ಕೆ ಶಾಪ ಆದದ್ದು ಮಾಳಿಗಿಗೆ ವರ. ಇದನ್ನು ಕಂಡುಹಿಡಿದವರಿಗೆ ಯಾವ ಡಿಗ್ರಿಯೂ ಇರಲಿಲ್ಲ. ಸೂರಿನ ನಡುವೆ ಒಂದು ಬೆಳಕಿಂಡಿ, ಮಧ್ಯಾಹ್ನ ಅದರಿಂದ ಒಂದು ಬಿಸಿಲ ಕೋಲು ಪಡಸಾಲಿಗೆ ಇಳಿಯುತ್ತಿತ್ತು. ಗೋಡೆಯಲ್ಲೇ ಗೂಡು, ಅದೇ ಶೋಕೇಸು, ಅದೇ ಮೆಡಿಕಲ್ ಕಿಟ್ಟು, ಅದೇ ಅಪ್ಪನ ಲಾಕರು. ಕುರ್ಚಿ ಇಲ್ಲ, ಸೋಫಾ ಇಲ್ಲ, ಕೌದಿ ಹಾಸಿದರೆ ಮಲಗುವ ಕೋಣೆ, ಮಡಚಿಟ್ಟರೆ ಊಟದ ಕೋಣೆ. ಮಿನಿಮಲ್ ಅನ್ನುವ ಶಬ್ದ ಗೊತ್ತಿಲ್ಲದವರ ಮಿನಿಮಲ್.

ಮಾಳಿಗಿ ಬರೀ ಸೂರಲ್ಲ. ಬೇಸಿಗೆಯಲ್ಲಿ ಶಾವಿಗೆ ಒಣಗುವುದು ಅಲ್ಲಿ, ಸಂಡಿಗೆ ಅಲ್ಲಿ, ಕೆಂಪು ಮೆಣಸಿನಕಾಯಿ ಅಲ್ಲಿ, ರಾತ್ರಿ ಮಲಗುವುದೂ ಅಲ್ಲೇ. ಹಿತ್ತಲು ಅಂದರೆ ಲ್ಯಾಂಡ್‌ಸ್ಕೇಪ್ ಅಲ್ಲ, ಬಚ್ಚಲ ನೀರು ಹೋಗುವ ಜಾಗ. ನೀರು ಹೋಗುವ ದಾರಿಯಲ್ಲಿ ಬಾಳೆ, ಅದರಾಚೆ ಕರಿಬೇವು, ನುಗ್ಗೆ, ಲಿಂಬಿ, ಬೇಲಿಗೆ ಹಬ್ಬಿದ ಹೀರಿ ಬಳ್ಳಿ. ಯಾರೂ ಡ್ರಾಯಿಂಗ್ ಹಾಕಿರಲಿಲ್ಲ, ನೀರೇ ಡ್ರಾಯಿಂಗ್ ಹಾಕುತ್ತಿತ್ತು.

ಇಲ್ಲಿಗೆ ನಿಲ್ಲಿಸಿದರೆ ಇದು ಹಳೇ ಮನೆಯ ಹಾಡು ಆಗುತ್ತದೆ; ಅಂಥ ಹಾಡುಗಳು ಬೇಕಾದಷ್ಟು ಇವೆ, ಹಾಡುವವರೆಲ್ಲ ಅಪಾರ್ಟ್‌ಮೆಂಟಿನಲ್ಲಿ ಇದ್ದಾರೆ. ಮಾಳಿಗಿ ಮನೆ ಕತ್ತಲೆ. ಅಡುಗೆಮನೆಯ ಹೊಗೆಯನ್ನು ಮೂವತ್ತು ವರ್ಷ ಕುಡಿದವಳು ಅವ್ವ; ತೊಲೆಬಾಗಿಲಿನ ಕೆತ್ತನೆ ಹೊಗಳುವವರು ಆ ಕೆಮ್ಮು ಕೇಳಿಲ್ಲ. ದನಗಳು ಮನೆಯೊಳಗೇ, ಒಂದು ಗ್ವಾದಲಿ ಆಚೆಗೆ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮಾಳಿಗಿಗೆ ಮಣ್ಣು ಹಾಕಬೇಕು, ತಪ್ಪಿದರೆ ಸೋರುತ್ತದೆ. ನಾಲ್ಕು ದಿನ ಜಡಿಮಳೆ ಹಿಡಿದರೆ ಪೇಪರಿನಲ್ಲಿ "ಮಾಳಿಗೆ ಮನೆ ಕುಸಿತ" ಅನ್ನುವ ಸುದ್ದಿ ಇವತ್ತಿಗೂ ಬರುತ್ತದೆ, ಕೆಲವು ಸಲ ಸಾವಿನ ಸಮೇತ. ಹಿತ್ತಲು ಚೆಂದ ಇತ್ತು, ಆದರೆ ಅಲ್ಲಿ ಪಾಯಖಾನೆ ಇರಲಿಲ್ಲ. ಹೆಣ್ಣುಮಕ್ಕಳು ಕತ್ತಲಾಗುವುದನ್ನು ಕಾಯಬೇಕಿತ್ತು. ಮುಂದಿನ ಕಟ್ಟೆ ಊರಿಗೆಲ್ಲ ತೆರೆದದ್ದು ಅಂತ ಬರೆಯುವುದು ಸುಲಭ. ಎಲ್ಲರೂ ಅದರ ಮೇಲೆ ಕೂರುತ್ತಿರಲಿಲ್ಲ, ಕೆಲವರು ಕೆಳಗೆ ನಿಂತೇ ಮಾತಾಡಿ ಹೋಗುತ್ತಿದ್ದರು. ಯಾಕೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ಆರ್‌ಸಿಸಿ ಮನೆ ಬೇಕು ಅನ್ನುವವರನ್ನು ನಾನು ಅಣಕಿಸಲಾರೆ. ಅವರಿಗೆ ಬೇಕಾದದ್ದು ಫ್ಯಾಶನ್ ಅಲ್ಲ, ಮಳೆಗಾಲದ ರಾತ್ರಿ ನಿದ್ದೆ.

ಆನೆಗೊಂದಿಯ ಉದಾಹರಣೆ ಈ ಕಾರಣಕ್ಕೆ ನನಗೆ ಕುತೂಹಲದ್ದು. ಗಂಗಾವತಿ ತಾಲೂಕಿನಲ್ಲಿ, ಹೊಳೆಯ ಈಚೆ ದಡದಲ್ಲಿ, ಹಂಪಿಗಿಂತ ಮುಂಚಿನ ಊರು. ಅಲ್ಲಿ ಶಮಾ ಪವಾರ್ ಅವರ ಕಿಷ್ಕಿಂದಾ ಟ್ರಸ್ಟ್ 1990ರ ದಶಕದ ಕೊನೆಯಿಂದ ಕೆಲಸ ಮಾಡುತ್ತಿದೆ: ಬಾಳೆನಾರಿನ ಕರಕುಶಲ, ಅದರ ಜೊತೆಗೆ ಊರಿನ ಹಳೆಯ ಮನೆಗಳನ್ನು ಕೆಡವದೆ ರಿಪೇರಿ ಮಾಡಿ ಅತಿಥಿಗಳಿಗೆ ಕೊಡುವುದು. ಮಣ್ಣಿನ ಗೋಡೆ ಹಾಗೇ, ಸುಣ್ಣ ಹಾಗೇ, ಕಟ್ಟೆ ಹಾಗೇ, ಒಳಗೆ ಒಳ್ಳೆಯ ಬಚ್ಚಲು. ಇದಕ್ಕಿಂತ ಒಳ್ಳೆಯ ವಾರ್ಮ್ ಮಿನಿಮಲ್ ನಮ್ಮ ಜಿಲ್ಲೆಯಲ್ಲಿ ನಾನು ನೋಡಿಲ್ಲ. ಹಳೆಯ ಮನೆಗೆ ಬಚ್ಚಲು, ಬೆಳಕು ಕೂಡಿಸಬಹುದು, ಅದಕ್ಕಾಗಿ ಮನೆಯನ್ನೇ ಬಿಸಾಡಬೇಕಿಲ್ಲ ಅನ್ನುವುದು ಅಲ್ಲಿ ಸಾಬೀತಾಗಿದೆ. ಆದರೆ ಒಂದು ತಕರಾರು. ಅಲ್ಲಿ ಆ ಮನೆಯಲ್ಲಿ ಮಲಗುವವರು ಪ್ರವಾಸಿಗರು, ಮೂರು ದಿನಕ್ಕೆ ಬಂದವರು. ಮೂರು ದಿನಕ್ಕೆ ಯಾವ ಮನೆಯೂ ಚೆಂದ. ಪಕ್ಕದ ಓಣಿಯಲ್ಲಿ ಮಗನ ಮದುವೆಗೆ ಒಂದು ಕೋಣೆ ಏರಿಸಬೇಕಾದವನಿಗೆ 2002ರ ಕಾಯಿದೆಯಲ್ಲಿ ಬಂದ ಹಂಪಿ ಪ್ರಾಧಿಕಾರದ ಪರವಾನಗಿ ಬೇಕು, ಅವನಿಗೆ ಅದೇ ಮಣ್ಣಿನ ಗೋಡೆ ಪರಂಪರೆ ಅಲ್ಲ, ತಲೆನೋವು. ಹೊಳೆಯ ನಡುವಿನ ವಿರುಪಾಪುರಗಡ್ಡೆಯಲ್ಲಿ ಗುಡಿಸಲು, ತೋಟ, ಜೋಕಾಲಿ ಅಂತ ನಡೆಯುತ್ತಿದ್ದ ರೆಸಾರ್ಟ್‌ಗಳು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ನೆಲಸಮ ಆದವು. ಆ ಗುಡಿಸಲು ನೋಡಿ ಬೆಂಗಳೂರಿನ ನಾವು "ಹಿಂಗ ಬದುಕಬೇಕು" ಅಂತ ಸ್ಟೇಟಸ್ ಹಾಕಿದ್ದೆವು. ಅಲ್ಲಿ ಯಾರೂ ಹಂಗ ಬದುಕುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿದ್ದರು.

ಗಂಗಾವತಿ ತನಕ ಬಂದ ಮೇಲೆ ಹಿರೇಬೆಣಕಲ್ ಗುಡ್ಡದ ಮಾತು ಬಿಡಲಾಗದು. ಮೇಲೆ ನೂರಾರು ಕಲ್ಲಿನ "ಮನೆ"ಗಳಿವೆ, ಮೋರೇರ ಮನೆ ಅಂತಾರೆ. ಎರಡು ಸಾವಿರ ವರ್ಷಕ್ಕಿಂತ ಹಳೆಯವು. ನಾಲ್ಕು ಚಪ್ಪಡಿ ಗೋಡೆ, ಒಂದು ಚಪ್ಪಡಿ ಸೂರು, ಕೆಲವಕ್ಕೆ ಒಂದು ದುಂಡು ಕಿಂಡಿ. ಗೆರೆ ಅಂದರೆ ಗೆರೆ, ಒಂದು ಅಲಂಕಾರ ಇಲ್ಲ. ಪೂರ್ತಿ ಮಿನಿಮಲ್. ಸತ್ತವರಿಗಾಗಿ ಕಟ್ಟಿದ್ದು ಅಂತಾರೆ ಪುರಾತತ್ವದವರು. ಅವರಿಗೆ ಉಪ್ಪಿನಕಾಯಿ ಭರಣಿ ಇಡಲು ಜಾಗ ಬೇಕಿರಲಿಲ್ಲ.

ಬದುಕಿದವರಿಗೆ ಬೇಕು. ನಮ್ಮ ಮನೆಯ ಕಥೆ ಈಗ. ಎರಡು ಮಳೆಗಾಲದ ಹಿಂದೆ ನಮ್ಮ ಹಳೆ ಮನೆಯ ಹಿಂದಿನ ಗೋಡೆ ಬಿತ್ತು. ಅಪ್ಪ ಇಲ್ಲ. ಅವ್ವ ಒಬ್ಬಳೇ, ಬೆಂಗಳೂರಿಗೂ ಬರುವುದಿಲ್ಲ, ಕೊಪ್ಪಳದಲ್ಲಿರುವ ಅಣ್ಣನ ಮನೆಗೂ ಹೋಗುವುದಿಲ್ಲ. ಹೊಸ ಮನೆ ಕಟ್ಟಿಸುವುದು ಅಂತಾಯಿತು. ಒಬ್ಬ ಇಂಜಿನಿಯರ್ ತ್ರೀಡಿ ಚಿತ್ರ ಕಳಿಸಿದರು: ಬಿಳಿ, ಬೂದಿ, ಗಾಜು, ಹುಲ್ಲು, ಹುಲ್ಲಿನ ಮೇಲೆ ಒಬ್ಬ ಬಿಳಿ ಹೆಂಗಸು ಕಾಫಿ ಹಿಡಕೊಂಡು ನಿಂತಿದ್ದಾಳೆ. ಅಣ್ಣ ಅದನ್ನು ಫೋನಿನಲ್ಲಿ ಅವ್ವನಿಗೆ ತೋರಿಸಿದ. ಅವ್ವ ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದಳು.

"ಚಲೋ ಐತಿ ತಮ್ಮಾ. ಇದರಾಗ ನಾ ಕಾಳು ಹಸನ ಮಾಡಾಕ ಎಲ್ಲಿ ಕುಂದರ್ಲಿ?"

ಅಣ್ಣ ಸೋಫಾ ತೋರಿಸಿದ. "ಅದರ ಮ್ಯಾಲ ಕುಂತ್ರ ಹೊಟ್ಟು ಯಾರ ತಗೀತಾರ?" ಅಂದಳು.

ಯೂಸರ್ ಟೆಸ್ಟಿಂಗ್ ಅಂದರೆ ಇದೇ. ಲಕ್ಷಗಟ್ಟಲೆ ಸಂಬಳದ ಪ್ರಾಡಕ್ಟ್ ಮ್ಯಾನೇಜರ್‌ಗಳು ಮೂರು ತಿಂಗಳಲ್ಲಿ ಕೇಳದ ಪ್ರಶ್ನೆ, ಒಂದೇ ಸ್ಕ್ರೀನ್ ನೋಡಿ ಬಂತು. ನನ್ನ ವಿಮರ್ಶೆಯ ತಿರುಳು ಈ ಪ್ರಶ್ನೆಯಲ್ಲೇ ಇದೆ. ಈ ಶೈಲಿಯ ಚಿತ್ರಗಳಲ್ಲಿ ಕೆಲಸ ಕಾಣುವುದಿಲ್ಲ. ಕಸಬರಿಗೆ ಇಲ್ಲ, ಮೊರ ಇಲ್ಲ, ರೊಟ್ಟಿ ಬಡಿಯುವ ಜಾಗ ಇಲ್ಲ, ತೊಳೆದ ಸೀರೆ ಹಾರುವ ಹಗ್ಗ ಇಲ್ಲ. ಮನೆಯಲ್ಲಿ ಯಾರೋ ಕೆಲಸ ಮಾಡುತ್ತಾರೆ, ಎಲ್ಲವನ್ನೂ ಒಳಗಿಟ್ಟು ಮುಚ್ಚುತ್ತಾರೆ, ಆಮೇಲೆ ಫೋಟೊ ತೆಗೆಯುತ್ತಾರೆ. ಕಡಿಮೆ ಸಾಮಾನು ಅನ್ನುವುದು ನಗರದವನಿಗೆ ಸುಲಭ. ಜೋಳ ಬೇಕಂದರೆ ಹತ್ತು ನಿಮಿಷದಲ್ಲಿ ಆ್ಯಪಿನವನು ತರುತ್ತಾನೆ. ಹೊಲ ಇರುವ ಮನೆಗೆ ವರ್ಷದ ಜೋಳ, ಕಡಲಿ, ತೊಗರಿ ಒಳಗೆ ಬರಬೇಕು. ಅದಕ್ಕೆ ಕೋಣೆ ಕೊಡದೆ "ಕ್ಲಟರ್ ಬ್ಯಾಡ" ಅಂದರೆ ಆಕೆಗೆ ಹೇಳಿದ್ದು ಒಂದೇ: ನಿನ್ನ ಬದುಕು ಕ್ಲಟರ್.

ಇನ್ನು ತೋಟ. ಇಲ್ಲಿ ಎಲ್ಲ ತಾಲೂಕೂ ಒಂದೇ ಅಲ್ಲ ಅನ್ನುವುದನ್ನು ಯಾವ ರೀಲೂ ಹೇಳುವುದಿಲ್ಲ. ಯಲಬುರ್ಗಾದ ಬಹುಪಾಲು ಎರಿ ಭೂಮಿ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಅಂಥ ನೆಲದಲ್ಲಿ ಗಾಜಿನ ಬಾಗಿಲಿಗೆ ತಾಗಿದಂತೆ ಹುಲ್ಲು ಹಾಸಿ ದಿನಾ ನೀರು ಬಿಟ್ಟರೆ, ಬುನಾದಿಯ ಒಂದು ಕಡೆ ಮಣ್ಣು ಉಬ್ಬುತ್ತದೆ, ಇನ್ನೊಂದು ಕಡೆ ಕುಗ್ಗುತ್ತದೆ, ಎರಡು ವರ್ಷಕ್ಕೆ ಗೋಡೆಯಲ್ಲಿ ಓರೆ ಬಿರುಕು. ಹಿರಿಯರು ಮನೆ ಸುತ್ತ ಪರಸಿ ಹಾಸಿ ಹೊರಕ್ಕೆ ಇಳಿಜಾರು ಕೊಡುತ್ತಿದ್ದದ್ದು ಚೆಂದಕ್ಕಲ್ಲ. ತೋಟ ಮನೆಯಿಂದ ನಾಲ್ಕಡಿ ದೂರ ಶುರುವಾಗಬೇಕು. ದೊಡ್ಡ ಮರ ಇನ್ನೂ ದೂರ, ಯಾಕಂದರೆ ಬೇರು ಬುನಾದಿ ಕೆಳಗಿನ ತೇವ ಹೀರಿದರೂ ಅದೇ ಬಿರುಕು. ಕುಷ್ಟಗಿ ಕಡೆಯ ಮಸಾರಿಯಲ್ಲಿ ಈ ಭಯ ಕಡಿಮೆ. ಅಲ್ಲಿ ಮಸಾರಿ ಮಣ್ಣಿಗೆ ಸ್ವಲ್ಪ ಸಿಮೆಂಟ್ ಕೂಡಿಸಿ ಒತ್ತಿದ ಇಟ್ಟಿಗೆಯಲ್ಲೇ ಮನೆ ಕಟ್ಟಬಹುದು. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಜೊತೆಯವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಚಿತ್ರಾ ವಿಶ್ವನಾಥ್ ವಿದ್ಯಾರಣ್ಯಪುರದ ತಮ್ಮ ಮನೆಯನ್ನೇ ಇಂಥ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿಕೊಂಡಿದ್ದಾರೆ. ಎರಿ ಮಣ್ಣಿಗೆ ಮಾತ್ರ ಆ ವಿದ್ಯೆ ನಡೆಯದು. ಗಂಗಾವತಿಯ ಪ್ರಶ್ನೆ ಬೇರೆ: ತುಂಗಭದ್ರಾ ಕಾಲುವೆ, ಸುತ್ತ ಭತ್ತದ ಗದ್ದೆ, ಸಂಜೆ ಆರಕ್ಕೆ ಸೊಳ್ಳೆ. ಅಲ್ಲಿ ಗೋಡೆಯಗಲ ಬಾಗಿಲು ತೆರೆದು ತೋಟದ ಜೊತೆ ಒಂದಾಗುವವರು ಮೊದಲು ಸೊಳ್ಳೆ ಜಾಳಿಗೆ ಲೆಕ್ಕ ಹಾಕಬೇಕು. ಕೊಪ್ಪಳದಲ್ಲಿ, ಗಿಣಿಗೇರಿ ಕಡೆಯ ಗಾಳಿ ಬೀಸಿದರೆ, ಕಾರ್ಖಾನೆಯ ಕರಿ ದೂಳು ಬೆಳಿಗ್ಗೆ ಒರೆಸಿದ ನೆಲದ ಮೇಲೆ ಸಂಜೆಗೆ ಹೆಜ್ಜೆ ಮೂಡಿಸುತ್ತದೆ. ಅಂಥಲ್ಲಿ ಬಿಳಿ ಗೋಡೆ, ನಡುಮನೆಯಲ್ಲಿ ಬಯಲು ಅಂಗಳ ಅಂದರೆ ಮನೆಯ ಹೆಣ್ಣುಮಕ್ಕಳಿಗೆ ದಿನಕ್ಕೆ ಎರಡು ಸಲ ಒರೆಸುವ ಶಿಕ್ಷೆ.

ನೀರಿನ ಲೆಕ್ಕ ಹಾಕಿ ನೋಡಿ. 900 ಚದರಡಿ ಸೂರಿನ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ ವರ್ಷಕ್ಕೆ 50 ಸಾವಿರ ಲೀಟರ್. ಅದರಲ್ಲಿ 40 ಸಾವಿರ ಹಿಡಿದರೆ ದೊಡ್ಡದು. ದಿನಕ್ಕೆ 110 ಲೀಟರ್ ಆಯಿತು. 300 ಚದರಡಿ ಹುಲ್ಲುಹಾಸಿಗೆ ಬೇಸಿಗೆಯಲ್ಲಿ ದಿನಕ್ಕೆ 150 ಲೀಟರಿಗಿಂತ ಹೆಚ್ಚು ಬೇಕು. ಅಂದರೆ ಸೂರಿನ ಪೂರ್ತಿ ಮಳೆ ಕುಡಿಸಿದರೂ ಆ ಹುಲ್ಲು ಬದುಕುವುದಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ಬೋರಿನ ನೀರಲ್ಲಿ ಫ್ಲೋರೈಡ್ ಬೇರೆ. ಹಲ್ಲು ಕಂದಿದ ಮಕ್ಕಳನ್ನು ನೋಡುತ್ತ ಬೆಳೆದವನಿಗೆ ಮಳೆನೀರನ್ನು ಲಾನ್‌ಗೆ ಬಿಡುವ ಯೋಚನೆಯೇ ಅಸಹ್ಯ. ಮಳೆನೀರು ಕುಡಿಯಲಿಕ್ಕೆ. ಗಿಡಕ್ಕೆ ಬಚ್ಚಲ ನೀರು ಸಾಕು: ನಾಲ್ಕು ಮಂದಿ ಜಳಕ, ಬಟ್ಟೆ ಅಂತ ದಿನಕ್ಕೆ 200 ಲೀಟರ್ ಸುಲಭವಾಗಿ ಹೋಗುತ್ತದೆ, ಸೋಪು ಕಡಿಮೆ ಇರಲಿ ಅಷ್ಟೆ. ಬೇವಿಗೆ ಎರಡು ವರ್ಷ ಕೈನೀರು ಹಾಕಿದರೆ ಆಮೇಲೆ ಅದು ಏನೂ ಕೇಳುವುದಿಲ್ಲ. ಪಶ್ಚಿಮಕ್ಕೆ ಒಂದು ಬೇವು ಬೆಳೆದರೆ ಎಸಿಯ ಅರ್ಧ ಕೆಲಸ ಅದೇ ಮಾಡುತ್ತದೆ. ಪಶ್ಚಿಮಕ್ಕೆ ಮರ ಇರಲಿ ಅಂದರೆ ವಾಸ್ತುವಿನವರೂ ಜಗಳ ತೆಗೆಯುವುದಿಲ್ಲ, ಅದೊಂದು ಅನುಕೂಲ.

ಸಾಮಾನಿನ ವಿಷಯದಲ್ಲಿ ಒಂದು ಸಿಟ್ಟು ಹೊರಗೆ ಹಾಕಿಬಿಡುತ್ತೇನೆ. ಇಳಕಲ್–ಕುಷ್ಟಗಿ ಸುತ್ತಿನ ಕೆಂಪು ಗ್ರಾನೈಟ್ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ಅದೇ ಕುಷ್ಟಗಿಯ ಹೊಸ ಮನೆಗೆ ಗುಜರಾತಿನ ಮೋರ್ಬಿಯಿಂದ ಇಟಲಿ ಮಾರ್ಬಲ್ಲಿನ ಫೋಟೊ ಅಚ್ಚು ಹಾಕಿದ ಟೈಲ್ಸ್ ಲಾರಿ ಬರುತ್ತದೆ. ಕಲ್ಲಿನ ಮೇಲೆ ಕೂತವರು ಕಲ್ಲಿನ ಚಿತ್ರ ಕೊಳ್ಳುತ್ತಾರೆ. ಮಿನಿಮಲ್ ಶೋಕೇಸಿನಲ್ಲಿ ಯಾವುದೋ ನಾರ್ವೆಯ ಕಟ್ಟಿಗೆ ಹಕ್ಕಿ. ಕೊಪ್ಪಳದಿಂದ ಕೂಗಳತೆಯ ಕಿನ್ನಾಳದಲ್ಲಿ ತಲೆತಲಾಂತರದಿಂದ ಕಟ್ಟಿಗೆ ಗೊಂಬೆ ಮಾಡುವವರು ಇದ್ದಾರೆ, ಅದು "ಕಲರ್ ಜಾಸ್ತಿ ಆಗ್ತದ". ಬರಗಾನ್ ಗುಲಾಬಿ ಬಳಿದರೆ ಕಲೆ, ಕಿನ್ನಾಳದವರು ಬಳಿದರೆ ಗಾಡಿ.

ನಮ್ಮ ಮನೆ ಈಗ ಪ್ಲಿಂಥ್ ಮಟ್ಟಕ್ಕೆ ಬಂದಿದೆ. ಇಂಜಿನಿಯರ್ ಒಳ್ಳೆಯವರು, ಎರಡು ಸಲ ಜಗಳ ಆಡಿದ ಮೇಲೆ ಆಸಕ್ತಿ ತಗೊಂಡರು. ಪಶ್ಚಿಮದ ಗಾಜು ಹೋಯಿತು, ಅಲ್ಲಿ ಎರಡು ಸಣ್ಣ ಕಿಟಕಿ. ದೊಡ್ಡ ಬಾಗಿಲು ಪೂರ್ವಕ್ಕೆ, ಹಿತ್ತಲ ಕಡೆ ತೆರೆಯುವಂತೆ. ಬಾಗಿಲಿಗೂ ಗಿಡಕ್ಕೂ ನಡುವೆ ಐದಡಿ ಪರಸಿ ಪಡಸಾಲಿ, ಮೇಲೆ ಸ್ಲ್ಯಾಬಿನದೇ ನೆರಳು. ಕಾಳು ಹಸನ ಮಾಡುವುದು, ಮೆಣಸಿನಕಾಯಿ ತೊಟ್ಟು ಬಿಡಿಸುವುದು ಅಲ್ಲಿ. ಬೆಳಕಿಂಡಿ ಉಳಿದಿದೆ, ಮೇಲೆ ಗಾಜು, ಪಕ್ಕದಲ್ಲಿ ಬಿಸಿಗಾಳಿ ಹೋಗಲು ಜಾಳಿಗೆ. ಸ್ಲ್ಯಾಬಿನ ಮೇಲೆ ಸುಣ್ಣ ಬಳಿಯುವುದು, ಶಾವಿಗೆ ಒಣಹಾಕಲು ಮೆಟ್ಟಿಲು ಒಳಗಿನಿಂದಲೇ. ಕಾಳಿನ ಕೋಣೆ ಆಯಿತು, ಅದಕ್ಕಾಗಿ ನನ್ನ "ವರ್ಕ್ ಫ್ರಮ್ ಹೋಮ್" ಕೋಣೆ ಹೋಯಿತು. ವರ್ಷಕ್ಕೆ ಹದಿನೈದು ದಿನ ಬರುವವನಿಗೆ ಕೋಣೆ ಯಾಕೆ ಅಂತ ಅಣ್ಣ ಕೇಳಿದ, ಉತ್ತರ ಇರಲಿಲ್ಲ. ಗೋಡೆ ಒಳಗೆ ಬಿಳಿಯೇ, ಅದು ಚಲೋ, ಬೆಳಕು ಹರಡುತ್ತದೆ. ಹೊರಗಿನ ಬಣ್ಣ ಅವ್ವನಿಗೆ ಬಿಟ್ಟಿದ್ದೇವೆ. ಗಿಳಿಹಸಿರು ಬಂದರೂ ಬರಬಹುದು.

ಜಗಳ ಉಳಿದಿರುವುದು ಮುಂದಿನ ಕಟ್ಟೆಯದು. ಕಂಪೌಂಡ್ ಗೋಡೆಯ ಹೊರಗೆ ಕಟ್ಟೆ ಬರಬೇಕು ಅಂತ ಅವ್ವನ ಹಟ, ಯಾಕಂದರೆ ಗೇಟಿನ ಒಳಗೆ ಕಟ್ಟೆ ಇದ್ದರೆ ಯಾರು ಬಂದು ಕೂರುತ್ತಾರೆ? ಅಣ್ಣನಿಗೆ ಒಪ್ಪಿಗೆ ಆಗಿರಲಿಲ್ಲ, ಈಗ ಆಗಿದೆ. ಯಾರು ಬೇಕಾದರೂ ಬಂದು ಕೂರಬೇಕು ಅಂತ ನಾನು ಹೇಳಿದಾಗ ಅವ್ವ ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ "ಕೂರ್ಲಿ ಬಿಡು, ಈಗ ಯಾರ ಬ್ಯಾಡ ಅಂತಾರ" ಅಂದಳು. ಎತ್ತರ ಮಾತ್ರ ತೀರ್ಮಾನ ಆಗಿಲ್ಲ. ಇಂಜಿನಿಯರ್ 18 ಇಂಚು ಬರೆದಿದ್ದಾರೆ. ಅವ್ವನ ಮೊಣಕಾಲು ನೋವಿಗೆ 20 ಆದರೂ ಬೇಕು. ಎದುರು ಮನೆಯ ಆಯಿ ಗಿಡ್ಡ, ಆಕೆಗೆ 20ರಲ್ಲಿ ಕಾಲು ನೆಲಕ್ಕೆ ತಾಗುವುದಿಲ್ಲ. ಗೌಂಡಿ ಟೇಪು ಹಿಡಕೊಂಡು ಇಬ್ಬರನ್ನೂ ಕೂಡಿಸಿ ಅಳತೆ ತಗೊಂಡು ಹೋಗಿದ್ದಾನೆ, ಎರಡು ಎತ್ತರದ ಕಟ್ಟಿ ಮಾಡತೀನಿ ಅಂದಾನ.